ಗಾಲಿಯ ಮೇಲಿನ ಮನೆಯಲ್ಲಿ ಒಲೆ ಯಾರದು?

ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರ ಶರತ್ಕಾಲದಲ್ಲಿ, ತನ್ನ 58ನೇ ವಯಸ್ಸಿನಲ್ಲಿ, ಪಿಕಪ್ ಗಾಡಿಯೊಂದರ ಮೇಲೆ ಪುಟ್ಟ ಮನೆ ಕೂರಿಸಿಕೊಂಡು ದೇಶ ಸುತ್ತಲು ಹೊರಟ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು ಎಲ್ಲ ಇದ್ದವು. ಜೊತೆಗೆ ಚಾರ್ಲಿ ಎಂಬ ನಾಯಿ. ಗಾಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟಿದ್ದ, ರೋಸಿನಾಂಟೆ ಅಂತ. ಆ ತಿರುಗಾಟದ ಪುಸ್ತಕ ‘ಟ್ರಾವೆಲ್ಸ್ ವಿತ್ ಚಾರ್ಲಿ’ 1962ರಲ್ಲಿ ಬಂತು. ಅದೇ ವರ್ಷ ಅವನಿಗೆ ನೊಬೆಲ್ ಕೂಡ ಬಂತು.

ಮಲ್ಕಾಜ್‌ಗಿರಿಯ ಫ್ಲ್ಯಾಟಿನಲ್ಲಿ ಕೂತು ನಾನು ಈ ಪುಸ್ತಕವನ್ನು ಮತ್ತೆ ತೆಗೆದದ್ದಕ್ಕೆ ಕಾರಣ ನನ್ನ ಮಗ. ನಾವಿಬ್ಬರೂ ಅಮೆರಿಕಕ್ಕೆ ಹೋದಾಗ ಮೊಮ್ಮಕ್ಕಳೂ ಸೇರಿ ಆರು ಜನ ಯೆಲ್ಲೋಸ್ಟೋನ್‌ಗೆ ಹೋಗೋಣ ಎಂದ. ‘ಅಪ್ಪಾ, ಆರ್‌ವಿ ತಗೊಳ್ಳೋಣವೋ, ಹೋಟೆಲ್ ಬುಕ್ ಮಾಡಲೋ?’ ಅಂತ ಫೋನಿನಲ್ಲಿ ಕೇಳಿದ. ಆರ್‌ವಿ ಅಂದರೆ ಇದೇ ರೋಸಿನಾಂಟೆಯ ದೊಡ್ಡ ವಂಶಸ್ಥ.

ಬ್ಯಾಂಕಿನವನಾದ್ದರಿಂದ ಮೊದಲು ಜಮಾ-ಖರ್ಚು ನೋಡಿದೆ. ದಿನದ ಬಾಡಿಗೆ ಬೇರೆ, ಓಡಿದ ಮೈಲಿಗೆ ಬೇರೆ, ರಾತ್ರಿ ನಿಲ್ಲಿಸುವ ಜಾಗಕ್ಕೆ ಬೇರೆ. ದೊಡ್ಡ ಗಾಡಿ ಲೀಟರಿಗೆ ಸುಮಾರು 4 ಕಿ.ಮೀ. ಓಡಿದರೆ ಪುಣ್ಯ. ಯೆಲ್ಲೋಸ್ಟೋನ್ ಪಾರ್ಕಿನೊಳಗೆ ಗಾಡಿಗೆ ನೀರು-ಕರೆಂಟು ಜೋಡಿಸಿಕೊಡುವ ತಾಣ ಫಿಶಿಂಗ್ ಬ್ರಿಜ್ ಒಂದೇ. ಅಲ್ಲಿ ತಿಂಗಳುಗಟ್ಟಲೆ ಮೊದಲೇ ಜಾಗ ಹಿಡಿಯಬೇಕು. ಪಾಯಿಖಾನೆಯ ಟ್ಯಾಂಕನ್ನು ನಾವೇ ಖಾಲಿ ಮಾಡಬೇಕು. ಹೋಟೆಲಿಗಿಂತ ಇದು ಅಗ್ಗ ಎನ್ನುವ ಮಾತು ತಾಳೆಯಾಗಲಿಲ್ಲ.

ಹಾಗಾದರೆ ಸ್ಟೈನ್‌ಬೆಕ್‌ಗೆ ಅದರಲ್ಲಿ ಸಿಕ್ಕಿದ್ದೇನು? ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತ 2010ರಲ್ಲಿ ಅದೇ ದಾರಿ ಹಿಡಿದು ಹೋಗಿ, ಸಾಹಿತಿ ಹೆಚ್ಚಿನ ರಾತ್ರಿ ಮಲಗಿದ್ದು ಹೋಟೆಲು, ಮೋಟೆಲು, ಪರಿಚಿತರ ಮನೆಗಳಲ್ಲಿ ಎಂದು ವಾದಿಸಿದ. ಪುಸ್ತಕದಲ್ಲಿ ಕಾಣುವುದಕ್ಕಿಂತ ಹೆಚ್ಚು ದಿನ ಹೆಂಡತಿ ಎಲೇನ್ ಜೊತೆಗಿದ್ದಳು ಎಂದೂ ತೋರಿಸಿದ. 2012ರ ಆವೃತ್ತಿಯ ಮುನ್ನುಡಿಯಲ್ಲಿ ಜೇ ಪರೀನಿ, ಇದನ್ನು ಅಕ್ಷರಶಃ ನಂಬಬೇಡಿ ಎಂಬರ್ಥದ ಎಚ್ಚರಿಕೆ ಸೇರಿಸಿದರು. ವಯಸ್ಸಾದವನು ಬಿಸಿನೀರಿನ ಸ್ನಾನ ಬಯಸಿದ್ದು ತಪ್ಪೇನಲ್ಲ ನೋಡ್ರಿ. ಷಿಕಾಗೋದಲ್ಲಿ ಹೋಟೆಲಿಗೆ ಇಳಿದದ್ದನ್ನು ಅವನೇ ಬರೆದಿದ್ದಾನೆ. ಉಳಿದ ಹಲವು ರಾತ್ರಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಅರ್ಧ ಲೆಡ್ಜರ್ ತೋರಿಸಿ ಸ್ವಾತಂತ್ರ್ಯ ಎಂದರೆ ಆಡಿಟರ್ ಒಪ್ಪುವುದು ಕಷ್ಟ.

ಇನ್ನೊಂದು ಕೊರತೆ ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಮನೆಯವಳಿಂದ. ವಿಷಯ ಕೇಳಿದವಳೇ ಆಕೆ, ‘ಏನ್ರೀ, ಅಲ್ಲೂ ಒಲಿ ಮುಂದ ನಾನು, ಸೊಸಿನೇ ನಿಲ್ಲಬೇಕೇನು?’ ಅಂದಳು. ಒಂಟಿ ಗಂಡಸು ನಾಯಿಯೊಂದಿಗೆ ಹೋದರೆ ಗಾಲಿಯ ಮನೆ ಹಗುರ. ಸ್ಟೈನ್‌ಬೆಕ್ ಬಟ್ಟೆಯನ್ನು ಸೋಪುನೀರಿನ ಡಬ್ಬದಲ್ಲಿ ಹಾಕಿ ಗಾಡಿಯಲ್ಲಿ ತೂಗುಬಿಡುತ್ತಿದ್ದ. ರಸ್ತೆಯ ಕುಲುಕಾಟವೇ ಒಗೆದುಬಿಡುತ್ತಿತ್ತು. ಆರು ಜನರ ಪಾತ್ರೆ ಹಾಗೆ ತೊಳೆದುಕೊಳ್ಳುವುದಿಲ್ಲ. ನಾನು ಓದಿದ ಕನ್ನಡ ಪ್ರವಾಸ ಕಥನಗಳಲ್ಲೂ ಊಟದ ವರ್ಣನೆ ಧಾರಾಳ, ಪಾತ್ರೆ ತೊಳೆದವರ ಸುದ್ದಿ ಅಪರೂಪ.

ಇಷ್ಟಾದರೂ ಪುಸ್ತಕವನ್ನು ಕೆಳಗಿಡಲಾಗದಂತೆ ಮಾಡಿದ್ದು ಒಂದು ಪ್ರಸಂಗ. ಮೇನ್ ರಾಜ್ಯದಲ್ಲಿ ಆಲೂಗಡ್ಡೆ ಕೀಳಲು ಕೆನಡಾದಿಂದ ಬಂದ ಫ್ರೆಂಚ್ ಮಾತಿನ ಕೂಲಿ ಕುಟುಂಬವನ್ನು ಅವನು ತನ್ನ ಗಾಡಿಗೆ ಕರೆಯುತ್ತಾನೆ. ಊರು ಬಿಟ್ಟು ಬಂದವರು, ಬೆಳೆ ಮುಗಿದರೆ ಹಿಂತಿರುಗುವವರು. ಅವರು ಒಳಗೆ ಒತ್ತಿಕೊಂಡು ಕೂರುತ್ತಾರೆ, ಅವನು ಬಾಟಲಿಯ ಮದ್ಯವನ್ನು ಎಲ್ಲರಿಗೂ ಹಂಚುತ್ತಾನೆ. ಹೋಟೆಲಿನಲ್ಲಿ ಇದು ಆಗುತ್ತಿರಲಿಲ್ಲ. ಅಲ್ಲಿ ನಾವು ಸದಾ ಗಿರಾಕಿಗಳು. ಸ್ವಂತ ಹೊಸ್ತಿಲಿದ್ದರೆ ಮಾತ್ರ ಇನ್ನೊಬ್ಬರನ್ನು ‘ಬರ್ರಿ, ಕೂಡ್ರಿ’ ಅನ್ನಬಹುದು. ಪರಊರಿನಲ್ಲಿ ಬಾಳು ಕಳೆದವರಿಗೆ ಈ ಮಾತಿನ ಬೆಲೆ ಗೊತ್ತು. ಬಾಡಿಗೆ ಮನೆಯಾದರೂ ಸರಿ, ಬಂದವರಿಗೆ ಒಂದು ಲೋಟ ಚಹಾ ಕೊಟ್ಟ ದಿನವೇ ಈ ಊರು ನಮ್ಮದಾಗಿದ್ದು.

ಆದ್ದರಿಂದ ಮಗನಿಗೆ ಬರೆದೆ: ಮೂರು ರಾತ್ರಿ ಗಾಡಿ, ಉಳಿದದ್ದು ಹೋಟೆಲು, ಗಾಡಿಯಲ್ಲಿ ಅಡಿಗೆ, ಪಾತ್ರೆ ಗಂಡಸರದ್ದು, ಟ್ಯಾಂಕು ಅವನದ್ದು. ಸ್ಟೈನ್‌ಬೆಕ್‌ನ ಪುಸ್ತಕ ಪ್ರವಾಸದ ಮಾರ್ಗದರ್ಶಿಯಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಮನೆಯನ್ನು ಏಕೆ ಜೊತೆಗೆ ಒಯ್ಯಬೇಕು ಎಂಬುದಕ್ಕೆ ಆ ಆಲೂಗಡ್ಡೆಯವರ ಪ್ರಸಂಗಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ.