ಫಾರ್ಮರನ ಮುಷ್ಟಿ

ಆಸ್ಟ್ರೇಲಿಯದ ಫುಟ್‌ಬಾಲಿನ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ 1970ನೆಯ ಇಸವಿಯ ಅಂತಿಮ ಪಂದ್ಯಕ್ಕೆ ಬಂದೊಡನೆ ಲೇಖನಿಯನ್ನು ಕೆಳಗಿಟ್ಟು ಒಮ್ಮೆ ಕೈಮುಗಿಯುವ ರೂಢಿಯುಂಟು. ನಮ್ಮ ಕ್ರಿಕೆಟ್ ಪ್ರಿಯರಿಗೆ ಚಿರಪರಿಚಿತವಾದ ಮೆಲ್ಬರ್ನಿನ ಮಹಾಮೈದಾನದಲ್ಲಿ 1,21,696 ಮಂದಿ ನೆರೆದಿದ್ದ ಆ ದಿನ, ಅರ್ಧಕಾಲಕ್ಕೆ ಕಾಲಿಂಗ್‌ವುಡ್ಡಿಗಿಂತ 44 ಅಂಕ ಹಿಂದೆ ಬಿದ್ದು ಕಂಗೆಟ್ಟಿದ್ದ ಕಾರ್ಲ್‌ಟನ್ ತಂಡಕ್ಕೆ ಅದರ ತರಬೇತುದಾರನಾದ ರಾನ್ ಬರಾಸಿಯು, ಚೆಂಡನ್ನು ಕಂಡಕಂಡಲ್ಲಿಗೆ ಒದೆಯುವುದನ್ನು ಬಿಟ್ಟು ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸುತ್ತ ಓಡಿರೆಂದು ಆಜ್ಞಾಪಿಸಿದನೆಂದೂ, ಆ ತಂಡವು 10 ಅಂಕಗಳಿಂದ ಗೆದ್ದಿತೆಂದೂ, ಆಧುನಿಕ ಆಟವು ಜನ್ಮತಾಳಿದುದು ಆ ವಿರಾಮದ ಕೊಠಡಿಯಲ್ಲೇ ಎಂದೂ ಒಬ್ಬರಿಂದೊಬ್ಬರು ಕೇಳಿ ಬರೆಯುತ್ತ ಬಂದಿದ್ದಾರೆ. ಗೆಲವು ನಿಜ, ಆಜ್ಞೆಯೂ ನಿಜ. ಜನ್ಮದ ಕಥೆ ಮಾತ್ರ ಪುರಾಣ. ಹ್ಯಾಂಡ್‌ಬಾಲೆಂಬ ಆ ಕೈಚಳಕವನ್ನು ಒಂದು ಯುದ್ಧನೀತಿಯಾಗಿ ಕಂಡರಿಸಿದವನು ಅದಕ್ಕೆ ಎಷ್ಟೋ ವರ್ಷ ಹಿಂದೆಯೇ ಪರ್ತ್ ನಗರದಲ್ಲಿ ಆಡುತ್ತಿದ್ದ ಗ್ರಹಾಂ ಫಾರ್ಮರ್. ಜನರ ಬಾಯಲ್ಲಿ ಪಾಲಿ ಫಾರ್ಮರ್.

ಫಾರ್ಮರನು ಉಪೇಕ್ಷಿತನೆಂದರೆ ನಗುವವರಿದ್ದಾರೆ. ಶತಮಾನದ ಶ್ರೇಷ್ಠರ ತಂಡದಲ್ಲಿ ರಕ್‌ಮನ್, ಎಂದರೆ ನೆಗೆದು ಚೆಂಡಿಗಾಗಿ ಸೆಣಸುವ ಆಟಗಾರ, ಆತನೇ, ಮೂಲನಿವಾಸಿಗಳ ಶತಮಾನದ ತಂಡಕ್ಕೆ ನಾಯಕನೂ ಆತನೇ; ಪರ್ತಿನ ಒಂದು ಹೆದ್ದಾರಿಗೆ ಆತನ ಹೆಸರಿದೆ. ಆದರೆ ಪೂಜೆ ಬೇರೆ, ಪರಿಶೀಲನೆ ಬೇರೆ. 1935ರಲ್ಲಿ ಹುಟ್ಟಿ, ಸಿಸ್ಟರ್ ಕೇಟ್ಸ್ ಎಂಬ ಮಕ್ಕಳ ನಿಲಯದಲ್ಲಿ ತಾಯಿತಂದೆಯರಿಲ್ಲದೆ ಬೆಳೆದು, ಪೋಲಿಯೋ ತಗಲಿ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿ ಉಳಿದ ನೂಂಗಾರ್ ಎಂಬ ಮೂಲನಿವಾಸಿ ವಂಶದ ಬಾಲಕನೊಬ್ಬನು ಈ ಎತ್ತರಕ್ಕೇರಿದನೆಂಬ ಕಥನವು ಕಣ್ಣೀರಿಗೆ ಎಷ್ಟು ಅನುಕೂಲವೋ ವಿಮರ್ಶೆಗೆ ಅಷ್ಟೇ ಪ್ರತಿಕೂಲವಾಗಿ ಪರಿಣಮಿಸಿದೆ. ಕರುಣರಸದಲ್ಲಿ ಮುಳುಗಿದ ಲೇಖಕರಿಗೆ ಆತನು ಏನನ್ನು ಸಹಿಸಿದನೆಂಬುದು ಗೊತ್ತು, ಏನನ್ನು ಮಾಡಿದನೆಂಬುದು ಗೊತ್ತಿಲ್ಲ. 356 ಪಂದ್ಯ, ಈಸ್ಟ್ ಪರ್ತ್ ಕ್ಲಬ್ಬಿನಲ್ಲಿ ಮೂರು ಪ್ರಶಸ್ತಿ, ಅಲ್ಲಿಯ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಸ್ಯಾಂಡೋವರ್ ಪದಕ ಮೂರು (ಅವುಗಳಲ್ಲೊಂದು, 1957ರದು, ನಾಲ್ವತ್ತು ವರ್ಷ ತಡವಾಗಿ ಕೈಸೇರಿತು) ಎಂದು ಪಟ್ಟಿ ಒಪ್ಪಿಸಿ ಮುಗಿಸುತ್ತಾರೆ.

ಆತನು ಮಾಡಿದುದಾದರೂ ಏನು? ಅಂಡಾಕಾರದ ಆ ಮೈದಾನದಲ್ಲಿ ಚೆಂಡು ಗೆರೆ ದಾಟಿ ಹೊರಹೋದಾಗ, ಅಂಚಿನ ಅಂಪೈರನು ಮೈದಾನಕ್ಕೆ ಬೆನ್ನುಮಾಡಿ ನಿಂತು ಅದನ್ನು ತಲೆಯ ಮೇಲಿಂದ ಹಿಂದಕ್ಕೆ ಎತ್ತರವಾಗಿ ಎಸೆಯುತ್ತಾನೆ. ಉಭಯ ಪಕ್ಷದ ರಕ್‌ಮನ್ನರು ಏಕಕಾಲಕ್ಕೆ ನೆಗೆದು, ಅಂಗೈಯಿಂದ ತಟ್ಟಿ, ಬುಡದಲ್ಲಿ ಕಾದಿರುವ ತಮ್ಮ ತಮ್ಮ ರೋವರನಿಗೆ ಅದನ್ನು ಉದುರಿಸಲು ಯತ್ನಿಸುತ್ತಾರೆ. ಇದು ಆಚಾರ. ತಟ್ಟುವುದೆಂದರೆ ಅರ್ಧ ಅದೃಷ್ಟಕ್ಕೆ ಬಿಟ್ಟ ಕಾರ್ಯ; ಬೆರಳು ತಾಗಿದ ಬಳಿಕ ಚೆಂಡಿನ ಮೇಲೆ ಯಾರ ಅಧಿಕಾರವೂ ಇಲ್ಲ, ಅದು ಬಿದ್ದಲ್ಲಿ ಹತ್ತು ಕೈಗಳು ಮುಗಿಬೀಳುತ್ತವೆ. ಫಾರ್ಮರನು ತಟ್ಟಲಿಲ್ಲ, ಹಿಡಿದನು. ಎದುರಾಳಿಗಿಂತ ಒಂದು ಕ್ಷಣ ಮೊದಲೇ ನೆಗೆದು, ಆತನ ಮೈಯನ್ನೇ ಮೆಟ್ಟಿಲಾಗಿಸಿಕೊಂಡು ಮೇಲೆ ನಿಂತು, ಚೆಂಡನ್ನು ಆಕಾಶದಲ್ಲೇ ವಶಪಡಿಸಿಕೊಂಡು, ಒಂದು ಕೈಯಲ್ಲಿ ಅದನ್ನು ನಿಲ್ಲಿಸಿ ಮತ್ತೊಂದು ಕೈಯ ಮುಷ್ಟಿಯಿಂದ ಗುದ್ದಿದನು. ಮತ್ತು ಗುದ್ದಿದುದು ನಿಂತಿರುವ ಜೊತೆಗಾರನಿಗಲ್ಲ, ಓಡುತ್ತಿರುವವನಿಗೆ, ಅದೂ ಅವನ ಎದೆಗಲ್ಲ, ಅವನು ಇನ್ನೆರಡು ಹೆಜ್ಜೆಯಲ್ಲಿ ತಲಪಲಿರುವ ತೆರಪಿಗೆ.

ಈ ಕ್ರಿಯೆಯಲ್ಲಿ ಅಡಗಿರುವ ಕಷ್ಟವನ್ನು ಬಿಡಿಸಿ ನೋಡಬೇಕು. ಆ ಆಟದ ನಿಯಮವು ನಿಷ್ಠುರವಾದುದು: ಚೆಂಡನ್ನು ಹಿಡಿದವನನ್ನು ಕೆಡವಬಹುದು, ಕೆಡವಿಸಿಕೊಂಡವನು ಅದನ್ನು ನ್ಯಾಯವಾಗಿ ದಾಟಿಸದಿದ್ದರೆ ದಂಡ ತೆರಬೇಕು; ಎಸೆಯುವಂತೆಯಂತೂ ಇಲ್ಲವೇ ಇಲ್ಲ. ಆದುದರಿಂದ ಜನಜಂಗುಳಿಯ ನಡುವೆ ಚೆಂಡನ್ನು ಹಿಡಿಯುವವನು, ಹಿಡಿದ ಮೇಲೆ ಯೋಚಿಸತೊಡಗಿದರೆ ಕೆಟ್ಟನು. ಆತನ ನಿರ್ಣಯವು ನೆಗೆತಕ್ಕೆ ಮುಂಚೆಯೇ ಆಗಿರಬೇಕು. ತನ್ನ ರೋವರನು ಎಲ್ಲಿದ್ದಾನೆಂಬುದಲ್ಲ, ತಾನು ಇಳಿಯುವ ವೇಳೆಗೆ ಎಲ್ಲಿರುವನೆಂಬುದು ಕಣ್ಣಿಗೆ ಕಟ್ಟಿರಬೇಕು. ಎಂದರೆ ಫಾರ್ಮರನ ನೆಗೆತವು, ಪ್ರೇಕ್ಷಕನು ಎಣಿಸುವಂತೆ, ಕಾರ್ಯದ ಆರಂಭವಲ್ಲ. ಆಗಲೇ ಮುಗಿದ ಒಂದು ವಿಚಾರದ ಉಪಸಂಹಾರ. ಅಲ್ಲಿಯವರೆಗೆ ಹ್ಯಾಂಡ್‌ಬಾಲು ಬಹುಮಟ್ಟಿಗೆ ಆಪದ್ಧರ್ಮವಾಗಿದ್ದಿತು; ಸಿಕ್ಕಿಬಿದ್ದವನು ಒದೆಯಲು ಕಾಲಿಗೆ ಎಡೆಯಿಲ್ಲದಾಗ ಹತ್ತಿರದವನಿಗೆ ಚೆಂಡನ್ನು ದಾಟಿಸಿ ಪಾರಾಗುವ ಉಪಾಯ. ಪಾರಾಗುವ ಉಪಾಯವನ್ನೇ ಮೇಲೆ ಬೀಳುವ ಉಪಾಯವನ್ನಾಗಿ ತಿರುಗಿಸಿದುದು, ನನ್ನ ಮತದಲ್ಲಿ, ಆ ಆಟದ ಚರಿತ್ರೆಯಲ್ಲಿ ಒಬ್ಬ ವ್ಯಕ್ತಿಯಿಂದಾದ ಅತಿ ದೊಡ್ಡ ಬದಲಾವಣೆ.

ಇಲ್ಲಿ ನನಗೆ ಮತ್ತೊಂದು ಪಂಗಡದೊಡನೆ ಜಗಳವಿದೆ, ಅದು ಮೊದಲನೆಯದಕ್ಕಿಂತ ದೊಡ್ಡದು. ಮೂಲನಿವಾಸಿ ಆಟಗಾರನು ಚೆನ್ನಾಗಿ ಆಡಿದೊಡನೆ ‘ಸಹಜ’, ‘ಮಾಂತ್ರಿಕ’, ‘ಹುಟ್ಟುಗುಣ’ ಎಂಬ ವಿಶೇಷಣಗಳು ಕೆಲವರ ಲೇಖನಿಯಿಂದ ತಾವಾಗಿಯೇ ಉದುರುತ್ತವೆ. ಬಿಳಿಯನಾದವನು ಯೋಜಿಸುತ್ತಾನೆ, ಇವನಿಗೆ ಸುಮ್ಮನೆ ಬರುತ್ತದೆ! ಹೊಗಳಿಕೆಯ ವೇಷದ ಈ ಅವಮಾನವು ಫಾರ್ಮರನ ವಿಷಯದಲ್ಲಂತೂ ಶುದ್ಧ ಅಜ್ಞಾನ. ನಮ್ಮ ಅಲಂಕಾರಶಾಸ್ತ್ರಜ್ಞರು ಕವಿಗೆ ಪ್ರತಿಭೆಯೊಂದೇ ಸಾಲದೆಂದು ಬಗೆದು ವ್ಯುತ್ಪತ್ತಿಯನ್ನೂ ಅಭ್ಯಾಸವನ್ನೂ ಅದರ ಮಗ್ಗುಲಲ್ಲಿ ಕೂರಿಸಿದರಷ್ಟೆ. ಕ್ರೀಡಾ ವಿಮರ್ಶಕರಿಗೆ ಅಷ್ಟು ವಿವೇಕವಾದರೂ ಬೇಡವೇ? ನಿಲ್ಲಿಸಿದ ಕಾರುಗಳ ಕಿಟಕಿಯೊಳಕ್ಕೆ ಚೆಂಡು ಹಾಯುವಂತೆ ಗುದ್ದಿ ಗುದ್ದಿ ಗುರಿಯನ್ನು ಸಾಧಿಸಿಕೊಂಡವನು ಆತನು. ಎದುರಾಳಿಯ ಮೈಗೆ ತಾಗುವ ಕೋನವನ್ನೂ ನೆಗೆಯುವ ಮುಹೂರ್ತವನ್ನೂ ಲೆಕ್ಕ ಹಾಕಿದವನು. ಇಂತಹವನನ್ನು ‘ಸಹಜ’ನೆಂದು ಕರೆಯುವುದು ದುಡಿದವನ ಕೂಲಿಯನ್ನು ದೇವರ ಹುಂಡಿಗೆ ಹಾಕಿದಂತೆ. ಇನ್ನು ಆ ಘರ್ಷಣೆಗಳಿಗೆ ಆತನ ದೇಹ ತೆತ್ತ ಬೆಲೆಯನ್ನು, 2019ರಲ್ಲಿ ಆತನು ತೀರಿಕೊಂಡ ತರುವಾಯ ನಡೆದ ಮಿದುಳಿನ ಪರೀಕ್ಷೆ ಹೊರಗೆಡಹಿತು: ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಬರುವ ಸಿ.ಟಿ.ಇ. ಎಂಬ ವ್ಯಾಧಿ ಖಚಿತವಾದ ಆ ಆಟದ ಮೊದಲ ಆಟಗಾರನು ಆತನೇ. ‘ಹುಟ್ಟುಗುಣ’ದ ವಾದಿಗಳು ಇದಕ್ಕೇನು ಹೇಳುವರೋ ಕೇಳಬೇಕು.

1962ರಲ್ಲಿ ವಿಕ್ಟೋರಿಯದ ಜೀಲಾಂಗ್ ಕ್ಲಬ್ಬಿಗೆ ಬಂದು, ಮೊದಲ ಪಂದ್ಯದಲ್ಲಿಯೇ ಮೊಣಕಾಲನ್ನು ಕೆಡಿಸಿಕೊಂಡು, ಆ ಋತುವಿನ ಬಹುಭಾಗವನ್ನು ಆತನು ಮೈದಾನದ ಹೊರಗೆ ಕಳೆದನು. ಮರುವರ್ಷ ಬಾಬ್ ಡೇವಿಸನು ತರಬೇತುದಾರನಾಗಿದ್ದ ಆ ತಂಡವು ಅಂತಿಮ ಪಂದ್ಯದಲ್ಲಿ ಹಾತಾರ್ನನ್ನು 49 ಅಂಕಗಳಿಂದ ಸೋಲಿಸಿತು. ರೋವರ್ ಬಿಲ್ ಗಾಗಿನ್ನನಿಗೂ ಫಾರ್ಮರನಿಗೂ ಇದ್ದ ಹೊಂದಾಣಿಕೆಯನ್ನು ಕುರಿತು ಎಲ್ಲರೂ ಬರೆದಿದ್ದಾರೆ. ನಾನು ಸೇರಿಸತಕ್ಕದ್ದು ಇಷ್ಟೇ. ಕಾಲು ಕೆಟ್ಟ ಮೇಲಿನ ಫಾರ್ಮರನೇ ನನಗೆ ಹೆಚ್ಚು ಬೆಲೆಯುಳ್ಳವನು. ನೆಗೆತವು ಹಿಂದಿನಂತೆ ಉಳಿಯದಿದ್ದಾಗ ಮುಂದಾಲೋಚನೆಯೊಂದೇ ಆಸರೆಯಾಯಿತು, ಮತ್ತು ಆತನ ಕಲೆಯು ಎಲ್ಲಿ ನೆಲೆಸಿದ್ದಿತೆಂಬುದು ಆಗಲೇ ಬಯಲಾಯಿತು.

ಪ್ರತಿಪಕ್ಷಕ್ಕೂ ಒಂದೆರಡು ಮಾತು ಸಲ್ಲಬೇಕು. ಫಿಟ್ಜ್‌ರಾಯ್ ತಂಡದ ತರಬೇತುದಾರ ಲೆನ್ ಸ್ಮಿತ್ ನಿಲ್ಲದೆ ಓಡಿ ಆಡುವ ಪದ್ಧತಿಯನ್ನು ಬೋಧಿಸಿದ್ದನು. ಫುಟ್ಸ್‌ಕ್ರೇ ತಂಡದ ಟೆಡ್ ವಿಟನ್ ತೆರೆದ ಅಂಗೈಯ ‘ಫ್ಲಿಕ್’ ಹೊಡೆತವನ್ನು ಬಳಕೆಗೆ ತಂದಿದ್ದನು, ಅದನ್ನು ಮುಂದೆ ನಿಯಮವೇ ನಿಷೇಧಿಸಿತು. ಒಪ್ಪಿದೆ. ಒಂದು ಪದ್ಧತಿಗೆ ಹಲವು ಜನಕರಿರಬಹುದು. ಆದರೆ ಜನಕರ ಪಟ್ಟಿಯಲ್ಲಿ ಕೊನೆಗೆ ಬಂದವನನ್ನೇ ಮೊದಲನೆಯವನೆಂದು ಸಾಧಿಸುವ ಹಟವೇಕೆ? ಬರಾಸಿಯು ಅಂದು ಆಜ್ಞೆ ಕೊಟ್ಟಾಗ ಅದನ್ನು ನಡೆಸಬಲ್ಲ ಕೈಗಳು ಆ ಕೊಠಡಿಯಲ್ಲಿದ್ದುವು. ಫಾರ್ಮರನು ಆರು ವರ್ಷ ವಿಕ್ಟೋರಿಯದ ಅದೇ ಮೈದಾನಗಳಲ್ಲಿ ಆಡುತ್ತಿದ್ದಾಗ ಆತನನ್ನು ನೋಡಿದ ಕಣ್ಣುಗಳು ಆ ಕೈಗಳಿಗೆ ಸೇರಿದುವೆಂಬುದನ್ನು ಮರೆಯತಕ್ಕದ್ದಲ್ಲ.

ತರಬೇತುದಾರನಾಗಿ ಆತನು ಸೋತನೆಂಬ ಆಕ್ಷೇಪವೂ ಇದೆ. 1973ರಿಂದ 75ರವರೆಗೆ ಜೀಲಾಂಗಿನಲ್ಲಿ ಆತನಿಂದ ಹೆಚ್ಚೇನೂ ಆಗಲಿಲ್ಲವೆಂಬುದು ದಿಟವೇ. ಆದರೆ ಈ ಆಕ್ಷೇಪಕರು ವೆಸ್ಟ್ ಪರ್ತಿನ ನಾಯಕನೂ ತರಬೇತುದಾರನೂ ಆಗಿ ಆತನು 1969ರಲ್ಲಿಯೂ 1971ರಲ್ಲಿಯೂ ಪ್ರಶಸ್ತಿ ಗೆದ್ದುದನ್ನು, ಅದರಲ್ಲಿಯೂ ಎರಡು ಸಲವೂ ತನ್ನ ಹಳೆಯ ಈಸ್ಟ್ ಪರ್ತನ್ನೇ ಸೋಲಿಸಿದುದನ್ನು ಬದಿಗೊತ್ತುತ್ತಾರೆ. 1977ರಲ್ಲಿ, ಹುಟ್ಟಿದ ನಾಡಿನ ಪರವಾಗಿಯೇ ಆಟಗಾರರು ಆಡುವ ಮೊದಲ ಅಂತರರಾಜ್ಯ ಪಂದ್ಯದಲ್ಲಿ, ಆತನ ಕೈಕೆಳಗಿನ ಪಶ್ಚಿಮ ಆಸ್ಟ್ರೇಲಿಯವು ವಿಕ್ಟೋರಿಯವನ್ನು 94 ಅಂಕಗಳಿಂದ ಬಡಿಯಿತು. ಅದುವರೆಗೆ ಪಶ್ಚಿಮದವರ ಒಳ್ಳೆಯ ಆಟಗಾರರನ್ನು ಹಣ ಕೊಟ್ಟು ಕೊಂಡೊಯ್ದು, ಅವರಿಂದಲೇ ಪಶ್ಚಿಮದವರನ್ನು ಸೋಲಿಸುತ್ತಿದ್ದ ಮೆಲ್ಬರ್ನಿನ ಪಂಡಿತರು ಆ ಪಂದ್ಯವನ್ನು ಕುರಿತು ಬರೆಯುವಾಗ ಈಗಲೂ ಒಂದು ಪುಟಕ್ಕೆ ಮೀರುವುದಿಲ್ಲ.