ರೈಲು ಬಂತು, ಹೊಸ್ತಿಲು ಸರಿಯಲಿಲ್ಲ

ಮನುಷ್ಯ ಮುಂದೆ ಮುಂದೆ ಹೋಗುತ್ತಲೇ ಇದ್ದಾನೆ ಎನ್ನುತ್ತದೆ ಪಾಠದ ಪುಸ್ತಕ. ಪ್ರಗತಿಯೆಲ್ಲ ಭ್ರಮೆ, ಹಿಂದಿನ ಕಾಲವೇ ಚೆನ್ನಾಗಿತ್ತು ಅನ್ನುತ್ತದೆ ಇನ್ನೊಂದು ಗುಂಪು. ಇಬ್ಬರೂ ನಮ್ಮ ಕೇರಿಯನ್ನು ಕೇಳಿ ಹೇಳಿದ್ದಲ್ಲ. ನಂಜನಗೂಡು, ಟಿ. ನರಸೀಪುರದ ಮಣ್ಣಲ್ಲಿ ನಿಂತು ಈ ಎರಡು ಮಾತನ್ನೂ ಒರೆಗೆ ಹಚ್ಚಬೇಕಾಗಿದೆ.

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಆಮೇಲೆ ಆ ಹಳಿ ಬದನವಾಳನ್ನು ಹಾದು ಚಾಮರಾಜನಗರಕ್ಕೆ ಹೋಯಿತು. ಬದನವಾಳಿನಲ್ಲಿ ಖಾದಿ ಕೇಂದ್ರ ಬಂತು. 1927ರಲ್ಲಿ ಗಾಂಧಿಯೂ ಬಂದರು. 1950ರಲ್ಲಿ ಸಂವಿಧಾನ ಬಂತು, 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಇಷ್ಟೆಲ್ಲ ಬಂದಾದ ಮೇಲೆ, 1993ರ ಮಾರ್ಚ್‌ನಲ್ಲಿ, ಅದೇ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆಯಾಯಿತು. ರೈಲಿಗೆ ನೂರು ವರ್ಷ ತುಂಬಿತ್ತು. ಗುಡಿಯ ಹೊಸ್ತಿಲು ಇದ್ದಲ್ಲೇ ಇತ್ತು.

ಹಾಗಾದರೆ ಹಿಂದಕ್ಕೆ ಹೋಗೋಣವೆ? ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಗುಡಿ 13ನೇ ಶತಮಾನದ್ದು. 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆತ್ತಿದ ಕೈಗೆ ಶರಣು. ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನೂ ಕೆತ್ತಿಹೋದ. ಕಲ್ಲು ಹೊತ್ತವರ ಹೆಸರು ಎಲ್ಲಿ? ಹಿಂದಿನದು ಹೊನ್ನಿನ ಕಾಲ ಅನ್ನೋರು ಉತ್ತರ ಕೊಡಲಿ.

2015ರಲ್ಲಿ ರಂಗಕರ್ಮಿ ಪ್ರಸನ್ನರ ಮುಂದಾಳತ್ವದಲ್ಲಿ ಬದನವಾಳಿನಲ್ಲೇ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಯಿತು. ಕೈದುಡಿಮೆಗೆ ಮರ್ಯಾದೆ ಬೇಕು ಅನ್ನೋ ಮಾತಿಗೆ ನಮ್ಮ ತಕರಾರಿಲ್ಲ. ಮಣ್ಣು ಕೆಟ್ಟರೆ, ಕಬಿನಿ ಕೆಟ್ಟರೆ ಮೊದಲು ಸಾಯೋನು ಕೂಲಿಯವನೇ. ಆದರೆ ಸರಳ ಬದುಕು ಅಂದಾಗ ನಮ್ಮವರಿಗೆ ನೆನಪಾಗೋದು ಒಂದು ಹೊತ್ತಿನ ಗಂಜಿ, ಹರಿದ ಕಂಬಳಿ, ಧಣಿಯ ಕೊಟ್ಟಿಗೆಯ ಜೀತ. ಅದನ್ನು ಅವರು ಆರಿಸಿಕೊಂಡದ್ದಲ್ಲ. ಜಾತಿಯ ಲೆಕ್ಕ ಚುಕ್ತಾ ಆಗದೆ ಹಳ್ಳಿ ಸುಸ್ಥಿರವಾದರೆ ಊರೂ ಸ್ಥಿರ, ಕೇರಿಯೂ ಸ್ಥಿರ.

ಈ ಎರಡು ಸುಳ್ಳಿನ ನಡುವೆ ದಾರಿ ಮಾಡಿದ ಕೃತಿ ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವರ ‘ಕುಸುಮಬಾಲೆ’. ಓದಿದ ದಲಿತ ಹುಡುಗ ಚನ್ನ ಮೇಲ್ಜಾತಿಯ ಕುಸುಮಳ ಒಲವಿಗೆ ಸಿಕ್ಕಿ ಕೊಲೆಯಾಗುತ್ತಾನೆ. ಅಕ್ಷರ ಅವನನ್ನು ಕಾಪಾಡಲಿಲ್ಲ. ಬೇರೆ ಲೇಖಕನಾಗಿದ್ದರೆ ಓದಿದವನ ಕೈಲಿ ಊರು ಉದ್ಧಾರ ಮಾಡಿಸುತ್ತಿದ್ದ. ಮಹಾದೇವ ಆ ಸುಳ್ಳು ಹೇಳಲಿಲ್ಲ. ಹಾಗಂತ ಹಳೆಯ ಹಳ್ಳಿಯ ಭಜನೆಯನ್ನೂ ಮಾಡಲಿಲ್ಲ. ಜೋತಮ್ಮಗಳು ಮಾತಾಡುವ ಆ ಲೋಕ ಚೆಂದವೇ. ಕೊಲೆ ನಡೆಯೋದೂ ಆ ಲೋಕದಲ್ಲೇ. ಈ ಕೃತಿಯ ಭಾಷೆಯನ್ನಷ್ಟೇ ಹೊಗಳಿ ಸುಮ್ಮನಾಗುವ ವಿಮರ್ಶಕರು ಹೆಣವನ್ನು ದಾಟಿ ಹೋಗುತ್ತಿದ್ದಾರೆ.

ಅಂದ್ರೆ ಪ್ರಗತಿ ಇಲ್ಲವಾ? ಇದೆ. ನಮ್ಮವ್ವಂದು ಹೆಬ್ಬೆಟ್ಟು, ನಂದು ಬಿ.ಎ. ಇದನ್ನು ಭ್ರಮೆ ಅನ್ನೋ ಧೈರ್ಯ ಯಾವ ಪಂಡಿತನೂ ಮಾಡಬೇಡ. ಆದರೆ ಇದು ಕಾಲ ಉರುಳಿ ತಾನಾಗಿ ಬಂದದ್ದಲ್ಲ. 1976ರ ಕಾಯ್ದೆ ಜೀತವನ್ನು ಕಾಗದದ ಮೇಲೆ ಕೊಂದಿತು. ಊರಲ್ಲಿ ಕೊಲ್ಲೋಕೆ ಹೋರಾಟದ ಹುಡುಗರು ಕೇರಿ ಕೇರಿ ತಿರುಗಬೇಕಾಯಿತು. ಜನ ಎಳೆದು ತಂದಷ್ಟೇ ಪ್ರಗತಿ. ಕಾಯದಿದ್ದರೆ ಅದು ಬಂದ ದಾರೀಲೇ ವಾಪಸ್ ಹೋಗುತ್ತೆ.

ಮೇಷ್ಟ್ರುಗಳೇ, ಮಕ್ಕಳಿಗೆ ಪ್ರಗತಿಯ ಪಾಠ ಮಾಡುವಾಗ ಬೋರ್ಡಿನ ಮೇಲೆ 1891 ಅಂತ ಬರೆಯಿರಿ, ಪಕ್ಕದಲ್ಲಿ 1993 ಅಂತಲೂ ಬರೆಯಿರಿ. ಕಳೆಯುವ ಲೆಕ್ಕ ಮಕ್ಕಳೇ ಮಾಡಲಿ. ಯಾಕೆ ಅಂತಲೂ ಅವರೇ ಕೇಳಲಿ.