ವಿಮಾನದ ಕತೆಯಲ್ಲಿ ಡ್ರೈವರ್ ಯಾಕೆ ಸಾಯಬೇಕು?

ಯುದ್ಧದ ಸಿನೆಮಾ ಮಾಡುವವರಿಗೆ ಒಂದು ಚಟ. ಸಾಯಲಿಕ್ಕೆ ಬಡವ ಬೇಕು, ಉಳಿಸಲಿಕ್ಕೆ ಶ್ರೀಮಂತ ಬೇಕು. ರಾಜಾ ಕೃಷ್ಣ ಮೆನನ್ ನಿರ್ದೇಶಿಸಿ 2016ರಲ್ಲಿ ಬಂದ 'ಏರ್‌ಲಿಫ್ಟ್' ಎಂಬ ಹಿಂದಿ ಚಿತ್ರವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ನಾವು ಮನರಂಜನೆ ಎಂದು ನೋಡಿ ಎದ್ದು ಬರುವ ಹಾಗಿಲ್ಲ. ಅದು ನಮ್ಮ ಕತೆಯೂ ಹೌದು. ಶಿರೂರಿನಿಂದ ಬಾರ್ಕೂರಿನವರೆಗೆ ಗಲ್ಫಿನ ದುಡ್ಡು ಕಾಣದ ಊರು ಕಡಿಮೆ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತನ್ನು ನುಂಗಿದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ನಮ್ಮ ಕರಾವಳಿಯ ಡ್ರೈವರುಗಳಿದ್ದರು, ಅಡಿಗೆಯವರಿದ್ದರು, ಅಂಗಡಿ ಹುಡುಗರಿದ್ದರು.

ಚಿತ್ರದಲ್ಲಿ ಇವರೆಲ್ಲಿ? ನಾಯಕ ರಂಜಿತ್ ಕತ್ಯಾಲ್ ದೊಡ್ಡ ಉದ್ಯಮಿ. ಅವನ ಡ್ರೈವರ್ ನಾಯರ್ ಆರಂಭದಲ್ಲಿಯೇ ಇರಾಕಿ ಸೈನಿಕರ ಗುಂಡಿಗೆ ಬಲಿಯಾಗುತ್ತಾನೆ. ಯಾಕೆ ಸತ್ತ? ಮಾಲೀಕನ ಮನಸ್ಸು ಕರಗಬೇಕಲ್ಲ, ಅದಕ್ಕೆ! ನಾಯರನಿಗೆ ಊರಿನಲ್ಲಿ ಎಷ್ಟು ಸಾಲವಿತ್ತು, ಅವನ ಪಾಸ್‌ಪೋರ್ಟ್ ಯಾರ ಪೆಟ್ಟಿಗೆಯಲ್ಲಿತ್ತು ಎಂದು ಚಿತ್ರ ಕೇಳುವುದಿಲ್ಲ. ನಿರಾಶ್ರಿತರ ಗುಂಪಿನಲ್ಲಿ ಪ್ರಶ್ನೆ ಕೇಳುವವನು ಒಬ್ಬನೇ, ಜಾರ್ಜ್. ಅವನನ್ನೂ ಸದಾ ಗೊಣಗುವ ಕಿರಿಕಿರಿ ಮನುಷ್ಯನಾಗಿ ಮಾಡಿಬಿಟ್ಟಿದ್ದಾರೆ. (ನಮ್ಮ ರಂಗಭೂಮಿಯ ಪ್ರಕಾಶ್ ಬೆಳವಾಡಿ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಅವನನ್ನು ನೋಡಿ ನಕ್ಕಮೇಲೆ ನಮಗೇ ನಾಚಿಕೆಯಾಯಿತು.) ದಾನಿ ಮಾತಾಡಿದರೆ ನಾಯಕ, ಪಡೆಯುವವನು ಬಾಯಿ ತೆರೆದರೆ ಉಪದ್ರ. ಒಡೆಯನ ಅಂಗಳದಲ್ಲಿ ನಿಂತವರಿಗೆ ಈ ನ್ಯಾಯ ಹೊಸದಲ್ಲ.

ಚಿತ್ರ ವಾಸ್ತವಕ್ಕೆ ದೂರ ಎಂದು ವಿದೇಶಾಂಗ ಇಲಾಖೆಯೂ ಆಗ ಆಕ್ಷೇಪಿಸಿತ್ತು. ಅವರದು ಅಧಿಕಾರಿಗಳ ಮಾನದ ಚಿಂತೆ. ನಮ್ಮ ತಕರಾರು ಬೇರೆ. ಏರ್ ಇಂಡಿಯಾ 59 ದಿನಗಳಲ್ಲಿ 488 ಸಲ ಹಾರಿ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಅಮ್ಮಾನಿನಿಂದ ಮುಂಬಯಿಗೆ ತಂದದ್ದು ನಿಜ, ದೊಡ್ಡ ಕೆಲಸ, ಅದನ್ನು ಅಲ್ಲಗಳೆಯುವವರು ನಾವಲ್ಲ. ಮ್ಯಾಥುಣ್ಣಿ ಮ್ಯಾಥ್ಯೂಸ್ ಮೊದಲಾದ ಹಲವರು ಕುವೈತಿನಲ್ಲಿ ಜನರನ್ನು ಒಗ್ಗೂಡಿಸಿ ದುಡಿದದ್ದೂ ನಿಜ. ಹಲವರ ಆ ದುಡಿಮೆಯನ್ನು ಒಬ್ಬನ ಹೆಗಲಿಗೆ ಹೊರಿಸಿ, ಅಮ್ಮಾನಿನಲ್ಲಿ ಬಾವುಟ ಏರಿಸಿ, ಚಿತ್ರ ಮುಗಿಯುತ್ತದೆ. ಕೂಲಿಯವನ ಯುದ್ಧ ಶುರುವಾಗುವುದು ಅಲ್ಲಿಂದ.

ಇರಾಕ್ ಕುವೈತಿನ ದಿನಾರನ್ನೇ ರದ್ದು ಮಾಡಿತ್ತು. ಉಳಿಸಿದ ಸಂಬಳ ಕಾಗದವಾಯಿತು. ಬಟ್ಟೆಗಂಟಿನೊಡನೆ ಊರಿಗೆ ಬಂದಿಳಿದವನಿಗೆ ಕಾದಿದ್ದು ವೀಸಾಕ್ಕೆಂದು ಮಾಡಿದ ಸಾಲ, ಅಡವಿಟ್ಟ ಕರಿಮಣಿ, ಮತ್ತೆ ಊರವರ "ಎಂತ ತಂದ್ಯಾ?" ಎಂಬ ಮಾತು. ಆಮೇಲೆ ವಿಶ್ವಸಂಸ್ಥೆಯ ಪರಿಹಾರ ಆಯೋಗ 1991ರಲ್ಲಿ ಹುಟ್ಟಿತು. ಕುವೈತ್ ಬಿಟ್ಟು ಓಡಬೇಕಾದವನಿಗೆ ತಲೆಗೆ 2,500 ಡಾಲರ್ ಎಂದು ದರ ಗೊತ್ತು ಮಾಡಿತು. ಬಡವರ ಅರ್ಜಿಗೆ ಮೊದಲ ಸರದಿ ಕೊಟ್ಟದ್ದನ್ನು ಮೆಚ್ಚಬೇಕು. ಆದರೆ 2022ರಲ್ಲಿ ಲೆಕ್ಕ ಮುಗಿಯುವಾಗ ಹಂಚಿದ್ದ 5,240 ಕೋಟಿ ಡಾಲರಿನಲ್ಲಿ 1,470 ಕೋಟಿ ಕುವೈತಿನ ತೈಲ ಕಂಪನಿ ಒಂದಕ್ಕೇ ಸೇರಿತ್ತು. ಮನುಷ್ಯನಿಗೂ ಎಣ್ಣೆಬಾವಿಗೂ ಇರುವ ಬೆಲೆಯ ಅಂತರ ತಿಳಿಯಲು ಇಷ್ಟು ಸಾಕು.

ಇನ್ನು ನಮ್ಮ ಪ್ರಭುತ್ವದ ಮಾತು. 1983ರ ವಲಸೆ ಕಾಯಿದೆಯ ಆಡಳಿತದಲ್ಲಿ ಹತ್ತನೇ ಕ್ಲಾಸು ದಾಟದವನ ಪಾಸ್‌ಪೋರ್ಟಿಗೆ ಬೇರೆ ಗುರುತು ಬಿತ್ತು, ಗಲ್ಫಿಗೆ ಹೋಗಲು ಬೇರೆ ಅನುಮತಿ ಬೇಕಾಯಿತು. ಉದ್ದೇಶ ರಕ್ಷಣೆ, ಸರಿ. ಆದರೆ ಶಾಲೆಯ ಬಾಗಿಲು ಯಾರಿಗೆ ತಡವಾಗಿ ತೆರೆಯಿತೋ ಅವರೇ ಮತ್ತೆ ಕಚೇರಿಯ ಬಾಗಿಲಲ್ಲಿ, ಏಜೆಂಟನ ಬಾಗಿಲಲ್ಲಿ ನಿಲ್ಲಬೇಕಾಯಿತಲ್ಲ! ಅನುಮತಿ ಸಿಕ್ಕಿ ಅಲ್ಲಿಗೆ ಮುಟ್ಟಿದರೆ ಕಫೀಲನ ಹಿಡಿತ. ಅವನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. ಬಾಂಬು ಬೀಳುವ ಮೊದಲೇ ಅಭದ್ರತೆ ಶುರುವಾಗಿರುತ್ತದೆ.

ನಮ್ಮ ಕಡೆಯ ಮಾತನ್ನೂ ಮುಚ್ಚಿಡಬಾರದು. ಗಲ್ಫಿಗೆ ಹೋಗಲಿಕ್ಕೂ ಅಡವಿಡಲು ಏನಾದರೂ ಬೇಕು. ಭೂಮಿಯಿಲ್ಲದ, ಬಂಗಾರವಿಲ್ಲದ ಕೊರಗರ ಕಾಲೋನಿಯವರು ವಿಮಾನವನ್ನು ಹೆಚ್ಚಾಗಿ ಕೆಳಗಿನಿಂದಲೇ ನೋಡಿದವರು. ಹಾಗೆಂದು ಯುದ್ಧ ಅವರನ್ನು ಬಿಡುವುದಿಲ್ಲ. ಡ್ರಾಫ್ಟು ಬರುವುದು ನಿಂತರೆ ಗೋಡೆ ಏಳುವುದು ನಿಲ್ಲುತ್ತದೆ. ಗೋಡೆ ನಿಂತರೆ ಮುರಕಲ್ಲು ಹೊರುವ ಹೆಂಗಸಿನ ದಿನದ ಮಜೂರಿ ನಿಲ್ಲುತ್ತದೆ. ಅವಳನ್ನು ಯಾವ ಆಯೋಗ ನಿರಾಶ್ರಿತೆ ಎಂದು ಬರೆದುಕೊಂಡಿತು? ಗಲ್ಫಿನ ಬಗ್ಗೆ ಬರೆಯುವ ನಮ್ಮ ಲೇಖಕರೂ ಅವಳನ್ನು ಎಷ್ಟು ಕಂಡಿದ್ದಾರೆ? ಅತ್ತರಿನ ವಾಸನೆ, ಮರಳುಗಾಡಿನ ಒಂಟಿತನ, ಕಾಗದ ಕಾಯುವ ಹೆಂಡತಿ, ಇಷ್ಟರಲ್ಲೇ ಸುತ್ತುವುದು ಹೆಚ್ಚು. ಇದನ್ನು ನಾವು ನಮಗೂ ಸೇರಿಸಿಯೇ ಹೇಳುತ್ತಿದ್ದೇವೆ.

2025ರ ಜೂನ್ 23ರ ರಾತ್ರಿ ಕತಾರಿನ ಅಲ್ ಉದೈದ್ ಸೇನಾನೆಲೆಯ ಮೇಲೆ ಇರಾನಿನ ಕ್ಷಿಪಣಿ ಹಾರಿದವು. ಅಲ್ಲಿನ ಆಕಾಶವನ್ನೇ ಮುಚ್ಚಿದರು. ಟಿ.ವಿ.ಯಲ್ಲಿ ಪಂಡಿತರು ನಕ್ಷೆ ಬಿಡಿಸಿ ಹಾರ್ಮುಜ್ ಜಲಸಂಧಿ, ತೈಲದ ದರ ಎಂದು ಮಾತಾಡಿದರು. ಮಗ ದೋಹಾದಲ್ಲಿರುವ ತಾಯಿಗೆ ಆ ರಾತ್ರಿ ಬೇಕಾದದ್ದು ಅವನ ಒಂದು ಫೋನು. ಅದೇ ಮಗನ ಮನೆ ಕಟ್ಟುವಲ್ಲಿ ಕಲ್ಲು ಹೊರುವವಳು ಬೆಳಿಗ್ಗೆ ಮೇಸ್ತ್ರಿಯ ಹತ್ತಿರ ಕೇಳುವುದು ಇಷ್ಟೇ: "ಹ್ವಾಯ್, ನಾಳಿಗ್ ಕೆಲ್ಸ ಇತ್ತಾ?"